ಸುಜಾತಾಳ ಬಾಯಾರಿಕೆ

ಹೈದರಾಬಾದಿನ ಡಾಕ್ಟರರಿಗೆ ಮಗನನ್ನು ತೋರಿಸಿಕೊಂಡು ಬಂದ ಮರುದಿನ ಫ್ಲಾರೆನ್ಸ ಬಾಯೋರು ಅಡುಗೆಮನೆಯ ಕಪಾಟು ಖಾಲಿ ಮಾಡಲು ನಿಂತರು. ಬಿಸ್ಕೀಟಿನ ಡಬ್ಬಿ, ಚಿಪ್ಸಿನ ಪೊಟ್ಟಣಗಳು, ಚಾಕೊಲೇಟು, ಹಾಲಿಗೆ ಹಾಕುವ ಸಿಹಿಪುಡಿ, ಫ್ರಿಜ್ಜಿನಲ್ಲಿದ್ದ ಕೋಲ್ಡ್‌ಡ್ರಿಂಕ್ಸಿನ ದೊಡ್ಡ ಬಾಟಲಿಗಳು, ಎಲ್ಲವನ್ನೂ ತಂದು ತಂದು ಕಟ್ಟೆಯ ಮೇಲೆ ಒಟ್ಟಿದರು. ಭಾಂಡೆ-ಪಾತ್ರೆ ತಿಕ್ಕುತ್ತಿದ್ದ ಶಾಲುಬಾಯಿ ಕೈ ತಡೆದು ನೋಡಿದಳು.

"ಶಾಲು, ಇವೆಲ್ಲಾ ನೀ ಒಯ್ದುಬಿಡು. ಒಂದೂ ಈ ಮನ್ಯಾಗ ಉಳೀಬಾರದು. ಡಾಕ್ಟರ ನನಗ ಹ್ಯಾಂಗ ಬೈದ್ರು ಅಂತಿ! ಹನ್ನೊಂದು ವರ್ಷದ ಹುಡುಗಗ ಇಷ್ಟು ತೂಕ ಅಂದ್ರ ಮುಂದ ಏನ್ ಗತಿ ಅಂದ್ರು."

"ಇಷ್ಟೆಲ್ಲಾ ಒಯ್ದು ನಾ ಏನ್ ಮಾಡ್ಲಿರಿ ಬಾಯೋರ?"

"ನಿನ್ನ ಮಗಳಿಗಿ ಕೊಡು. ಮೊನ್ನಿ ಬಂದಾಗ ನೋಡಿನಿ, ಮೈಮ್ಯಾಲ ಮಾಂಸ ಇಲ್ಲ ಆ ಕೂಸಿಗಿ. ತಿನ್ನಲಿ ಪಾಪ."

ಫ್ಲಾರೆನ್ಸ ಬಾಯೋರು ಮನಸ್ಸಿನಿಂದಲೇ ಕೊಟ್ಟರು. ಬೀದರಿನ ಮಂಗಲಪೇಟೆಯಲ್ಲಿ ಅವರ ಮನೆ; ಮಿಷನ್ ಕಾಲದಿಂದ ಅಲ್ಲಿದ್ದ ಕುಟುಂಬ. ತಾವು ಶಾಲೆಯಲ್ಲಿ ಟೀಚರು, ಗಂಡ ಆಲ್ಬರ್ಟ ಬ್ಯಾಂಕಿನಲ್ಲಿ ಅಧಿಕಾರಿ, ಜೋಯಲ್ ಒಬ್ಬನೇ ಮಗ. ಕೆಲಸದವಳಿಗೆಂದು ಬೇರೆ ಲೋಟ ಇಟ್ಟ ಮನೆಯಲ್ಲ ಅದು. ಶಾಲುಬಾಯಿ ಅದೇ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದಳು, ಅದೇ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಆ ಒಂದು ಕಾರಣಕ್ಕೇ ಅವಳಿಗೆ ಆ ಮನೆಯ ಮೇಲೆ ಜೀವ.

ಆ ಸಂಜೆ ಎರಡು ಚೀಲ ಹೊತ್ತು ಮನೆಗೆ ಹೋದಾಗ ಜೋಯಲ್‌ನ ಓರಗೆಯ ಮಗಳು ಸುಜಾತಾ ಕುಣಿದಾಡಿಬಿಟ್ಟಳು. ಒಂದೊಂದೇ ಪೊಟ್ಟಣ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಯಾವುದನ್ನು ಮೊದಲು ಒಡೆಯಬೇಕೆಂದು ತಿಳಿಯದೆ ಎಲ್ಲವನ್ನೂ ಒಮ್ಮೆ ಮೂಸಿ ನೋಡಿದಳು. ಶಾಲುಬಾಯಿ ಬಾಗಿಲಿಗೆ ಒರಗಿ ನಿಂತು ಮಗಳನ್ನು ಕಣ್ತುಂಬ ನೋಡಿದಳು.

ಅವರದು ಔರಾದ ತಾಲೂಕಿನ ಚಿಂತಾಕಿ. ಎರಡು ಸಾವಿರದ ಹದಿನಾಲ್ಕರಲ್ಲಿ ಮಳೆ ಅರ್ಧಕ್ಕೇ ನಿಂತಾಗ ಊರಿನವರು ಹೇಗೋ ತಡೆದುಕೊಂಡರು. ಹದಿನೈದರಲ್ಲಿ ಅದೂ ಬರಲಿಲ್ಲ. ಬಿತ್ತಿದ ಉದ್ದು, ಸೋಯಾ ಮೊಳಕೆಯಲ್ಲೇ ಸುಟ್ಟುಹೋದವು. ಕೂಲಿಗೆ ಕರೆಯುವವರು ಇಲ್ಲವಾದರು. ಓಣಿ ಓಣಿಯೇ ಬೀಗ ಹಾಕಿಕೊಂಡು ಕೆಲವರು ಪುಣೆಗೆ, ಕೆಲವರು ಹೈದರಾಬಾದಿಗೆ ಹೋದರು. ಶಾಲುಬಾಯಿಯ ಗಂಡ ಮಚ್ಛೇಂದ್ರ ಮಾತ್ರ ಮೊದಲ ವರ್ಷವೇ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಗಳ ಸಾಲಿ, ಓದು ಕೆಡಬಾರದೆಂದು ಶಾಲುಬಾಯಿ ಅವಳನ್ನು ಕರೆದುಕೊಂಡು ಬೀದರಿಗೆ ಬಂದಳು. ಅತ್ತೆ ಕೌಸಲ್ಯಾಬಾಯಿ ಊರು ಬಿಡಲು ಒಪ್ಪದೆ ಅಲ್ಲೇ ಉಳಿದಳು. ಬೀದರಿನ ಹಳೇ ಊರಿನ ಸಂದಿಯೊಂದರಲ್ಲಿ ಅಕ್ತರಬೀ ಎಂಬ ವಿಧವೆ ತನ್ನ ಮನೆಯ ಹಿಂದಿನ ಕೋಣೆಯನ್ನು ಇವರಿಗೆ ಬಾಡಿಗೆಗೆ ಕೊಟ್ಟಿದ್ದಳು.

ಶಾಲುಬಾಯಿಗೆ ದಿನಕ್ಕೆ ಮೂರು ಮನೆಯ ಕೆಲಸ. ಬೆಳಕು ಹರಿಯುವ ಮುಂಚೆ ಒಂದಿಷ್ಟು ರೇಷನ್ ಅಕ್ಕಿಯ ಅನ್ನ ಮಾಡಿಟ್ಟು ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಊರಲ್ಲಿ ರೊಟ್ಟಿ, ಬೇಳೆ, ಹೊಲದ ಬದುವಿನ ಪುಂಡಿಪಲ್ಯ ಇದ್ದವು. ಇಲ್ಲಿ ಜೋಳದ ದರ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಇನ್ನು ಮೂರು ಮನೆಯ ರೊಟ್ಟಿ ಬಡಿದು ಬಂದ ಕೈಗೆ ಮತ್ತೆ ಹಿಟ್ಟು ನಾದುವ ತ್ರಾಣ ಎಲ್ಲಿಂದ ಬರಬೇಕು? ನೀರಂತೂ ಟ್ಯಾಂಕರ್ ಬಂದಾಗ ಸಿಕ್ಕಷ್ಟು. ಬೇಳೆ ಬೇಯಿಸಿದರೆ ಪಾತ್ರೆ ತೊಳೆಯಲು ನೀರು ಬೇಕು. ಪೊಟ್ಟಣ ಒಡೆದರೆ ಬೇಡ.

ಹೀಗೆ ಜೋಯಲ್‌ನ ಪಾಲಿನದೆಲ್ಲ ಸುಜಾತಾಳ ಪಾಲಿಗೆ ಬರತೊಡಗಿತು. ನೆಂಟರು ತಂದ ಮಿಠಾಯಿ, ಹುಟ್ಟುಹಬ್ಬದಲ್ಲಿ ಉಳಿದ ಕೇಕು, ಕ್ರಿಸ್‌ಮಸ್ಸಿನ ಕರಿದ ತಿಂಡಿ ಯಾವುದೂ ಆ ಮನೆಯಲ್ಲಿ ಒಂದು ದಿನ ನಿಲ್ಲುತ್ತಿರಲಿಲ್ಲ. ಅದು ಸಾಲದಾದಾಗ ಶಾಲುಬಾಯಿಯೇ ಓಣಿಯ ಅಂಗಡಿಯಿಂದ ಟೋಸ್ಟು, ಬಣ್ಣದ ಪೊಟ್ಟಣ ತಂದು ಕೊಡುತ್ತಿದ್ದಳು. ರುಚಿ ಹತ್ತಿದ ಮಗು ಬೇಡುತ್ತಿತ್ತು, ಇಡೀ ದಿನ ಒಂಟಿಯಾಗಿ ಬಿಟ್ಟು ಹೋಗುವ ತಾಯಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ದಿನಾ ಸಾಲಿ ಮುಗಿಸಿ ಬಂದ ಸುಜಾತಾ ಬಾಗಿಲು ಹಾಕಿಕೊಂಡು ಒಳಗೇ ಕೂರಬೇಕೆಂಬುದು ತಾಯಿಯ ಕಟ್ಟಪ್ಪಣೆ. ಸಂದಿಯಲ್ಲಿ ಗುರುತಿಲ್ಲದ ಗಂಡಸರು, ಆಟೋಗಳು, ಟ್ಯಾಂಕರಿನ ಜಗಳ. ಬೇಸರವಾದರೆ ಅಕ್ತರಬೀಯ ಪಡಸಾಲೆಯಲ್ಲಿ ಟಿವಿ. ಚಿಂತಾಕಿಯಲ್ಲಿ ಮೇಕೆಗಳ ಹಿಂದೆ ಹಳ್ಳ ದಾಟಿ ಓಡುತ್ತಿದ್ದ ಹುಡುಗಿ ಬೀದರಿನಲ್ಲಿ ಓಡುವುದನ್ನೇ ಮರೆತಳು.

ಅತ್ತ ಮಂಗಲಪೇಟೆಯಲ್ಲಿ ಜೋಯಲ್‌ಗೆ ಹೊಸ ಸೈಕಲ್ ಬಂತು, ಸಂಜೆ ಕ್ರಿಕೆಟ್ ಕಲಿಸುವವರ ಹತ್ತಿರ ಸೇರಿಸಿದರು. ಅವನಿಗೆಂದೇ ಶಾಲುಬಾಯಿ ಎಣ್ಣೆ ಮುಟ್ಟಿಸದೆ ಜೋಳದ ರೊಟ್ಟಿ ಮಾಡುತ್ತಿದ್ದಳು, ಹೆಸರು ಮೊಳಕೆ ಕಟ್ಟುತ್ತಿದ್ದಳು, ಸೌತೆಕಾಯಿ ಹೆಚ್ಚುತ್ತಿದ್ದಳು. ಹುಡುಗ ಮುಖ ಕಿವುಚಿಕೊಂಡು ತಿನ್ನುವುದನ್ನು ಕಂಡು ಅವಳಿಗೆ ಒಳಗೊಳಗೇ ನಗು. ಉಳ್ಳವರ ಮಗ ಬಡವರ ರೊಟ್ಟಿ ತಿಂತಾನ, ನನ್ನ ಮಗಳು ಉಳ್ಳವರ ಕೇಕು ತಿಂತಾಳ ಎಂದು ಅಕ್ತರಬೀಗೆ ಹೇಳಿ ನಕ್ಕಿದ್ದಳು.

ಚಳಿಗಾಲ ಕಳೆಯುವಷ್ಟರಲ್ಲಿ ಸುಜಾತಾ ಗುಂಡಗೆ ತುಂಬಿಕೊಂಡಳು. ಆಮೇಲೆ ತುಂಬಿಕೊಳ್ಳುವುದು ನಿಲ್ಲಲೇ ಇಲ್ಲ. ಸಾಲಿಯ ಯೂನಿಫಾರ್ಮಿನ ಹೊಲಿಗೆ ಎರಡು ಸಲ ಬಿಚ್ಚಿ ಹೊಲಿಸಬೇಕಾಯಿತು. ಚಿಂತಾಕಿಯಿಂದ ದವಾಖಾನೆಗೆಂದು ಬಂದವರು ಅವಳನ್ನು ನೋಡಿ ಬೆರಗಾದರು. "ಏನ್ ಶಾಲು, ಇಡೀ ಊರೇ ಒಣಗ್ಯಾದ, ನಿನ್ನ ಮಗಳು ಮಾತ್ರ ಸಾವಕಾರರ ಮನಿ ಹುಡುಗಿ ಕಂಡಂಗ ಕಾಣ್ತಾಳಲ್ಲ!" ಅನ್ನುವಾಗ ಅವರ ದನಿಯಲ್ಲಿ ತುಸು ಹೊಟ್ಟೆಕಿಚ್ಚು ಇರುತ್ತಿತ್ತು. ಆ ಹೊಟ್ಟೆಕಿಚ್ಚು ಶಾಲುಬಾಯಿಗೆ ಹಿತವಾಗುತ್ತಿತ್ತು. ಹುಟ್ಟಿದಾರಭ್ಯ ತನ್ನನ್ನು ನೋಡಿ ಯಾರೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ.

ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಗೆ ಮಚ್ಛೇಂದ್ರ ಬಂದ. ಮಗಳಿಗೆ ಬಿಳಿ ಫ್ರಾಕು ತಂದಿದ್ದ. ತೋಳೂ ಏರಲಿಲ್ಲ. ಮೂವರೂ ಬಿದ್ದು ಬಿದ್ದು ನಕ್ಕರು. "ಅರೆ ಪೋರಿ, ಅಲ್ಲಿ ನಾ ಒಣರೊಟ್ಟಿ ತಿಂದು ದುಡಿಲತ್ತೀನಿ, ಇಲ್ಲಿ ನೀ ಏನ್ ತಿಂದಿ?" ಎಂದು ಮಚ್ಛೇಂದ್ರ ಅವಳ ಗಲ್ಲ ಹಿಂಡಿದ. ಮೆರವಣಿಗೆಯಲ್ಲಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಸುಜಾತಾ ಏದುಸಿರು ಬಿಡುತ್ತ ಕಟ್ಟೆಯೊಂದರ ಮೇಲೆ ಕುಳಿತುಬಿಟ್ಟಳು. ಬಿಸಿಲಿಗೆ ಹಾಗಾಯಿತೆಂದು ಎಲ್ಲರೂ ತಿಳಿದರು.

ಬಾಯಾರಿಕೆ ಶುರುವಾದದ್ದು ಅದೇ ದಿನಗಳಲ್ಲಿ. ಟ್ಯಾಂಕರ್ ಬರುವುದು ವಾರಕ್ಕೊಮ್ಮೆಯಾಗಿತ್ತು. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತರುತ್ತಿದ್ದಾರೆಂದು ಟಿವಿಯಲ್ಲಿ ತೋರಿಸುತ್ತಿದ್ದರು. ಶಾಲುಬಾಯಿ ತಾನು ಗುಟುಕು ಗುಟುಕಾಗಿ ಕುಡಿದು ಕೊಡಗಳನ್ನು ಬಟ್ಟೆ ಕಟ್ಟಿ ಇಡುತ್ತಿದ್ದಳು. ಸಂಜೆ ಬಂದರೆ ಕೊಡ ಬರಿದು.

"ಯಾರ ಕುಡದ್ರು ಇಷ್ಟು ನೀರು?"

"ನಾನೇ ಅವ್ವ. ಬಾಯಿ ಭಾಳ ಒಣಗ್ಲತ್ತದ."

"ಎಲ್ಲರ ಬಾಯೀನೂ ಒಣಗ್ಲತ್ತದ! ನಾಳಿಗಿ ಏನ್ ಮಾಡೋದು? ಅನ್ನಕ್ಕ ಏನ್ ಹಾಕೋದು?"

ಮೊದಲು ಬೈದಳು. ಆಮೇಲೆ ಕೊಡಗಳನ್ನು ಅಕ್ತರಬೀಯ ಒಳಕೋಣೆಯಲ್ಲಿ ಇಟ್ಟಳು. ಆದರೂ ಒಂದು ದಿನ ಸುಜಾತಾ ಅಕ್ತರಬೀಯ ಪಾಲಿನ ನೀರನ್ನೂ ಕುಡಿದು ಮುಗಿಸಿದಾಗ ಶಾಲುಬಾಯಿಗೆ ತಡೆಯಲಾಗಲಿಲ್ಲ. ಕೈಗೆ ಸಿಕ್ಕ ಲಟ್ಟಣಿಗೆಯಿಂದ ಬಾರಿಸಿಬಿಟ್ಟಳು. ಹುಡುಗಿ ಅಳುತ್ತ, "ಹೊಡಿ ಅವ್ವ, ಆದ್ರ ಸ್ವಲ್ಪ ನೀರು ಕೊಟ್ಟು ಹೊಡಿ" ಎಂದಳು. ಅಕ್ತರಬೀಯೇ ನಡುವೆ ಬಂದು, "ಛೋಡ್ ಶಾಲು, ಬಚ್ಚಿ ಅದ, ನೀರಿಗಿ ಯಾರರ ಹೊಡೀತಾರಾ?" ಎಂದು ಬಿಡಿಸಿಕೊಂಡಳು.

ಹಾಸಿಗೆ ಒದ್ದೆಯಾಗತೊಡಗಿತು. ಅಷ್ಟು ದೊಡ್ಡ ಹುಡುಗಿ ಹೀಗೆ ಮಾಡುವುದೇ ಎಂದು ಶಾಲುಬಾಯಿ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಮಗಳ ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ ಮೂಡಿತ್ತು. ಸ್ನಾನಕ್ಕೆ ನೀರಿಲ್ಲದೆ ಕೊಳೆ ಕಟ್ಟಿದೆಯೆಂದುಕೊಂಡು ಇಟ್ಟಿಗೆಯ ಚೂರಿನಿಂದ ತಿಕ್ಕಿದಳು. ಚರ್ಮ ಕೆಂಪಾಗಿ ಉರಿಯಿತೇ ಹೊರತು ಕಪ್ಪು ಹೋಗಲಿಲ್ಲ.

ಮೇ ತಿಂಗಳ ಮೊದಲಲ್ಲಿ, ಟ್ಯಾಂಕರಿನ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದ ಸುಜಾತಾ ಅಲ್ಲಿಯೇ ಕುಸಿದುಬಿದ್ದಳು. ಅಕ್ತರಬೀಯ ಮಗ ಹಬೀಬ ಆಟೋದಲ್ಲಿ ಹಾಕಿಕೊಂಡು ಸರಕಾರಿ ದವಾಖಾನೆಗೆ ಒಯ್ದ. ಸುದ್ದಿ ತಿಳಿದು ಶಾಲುಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದಾಗ ಮಗಳಿಗೆ ಎರಡೂ ಕೈಗೆ ಸೂಜಿ ಚುಚ್ಚಿದ್ದರು. ಉಸಿರು ಬೇರೆಯೇ ವಾಸನೆ ಹೊಡೆಯುತ್ತಿತ್ತು, ಕೊಳೆತ ಹಣ್ಣಿನಂತೆ.

ಆ ವಾರ್ಡಿನ ನರ್ಸು ಹನ್ನಾ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿದಳು.

"ನಿನ್ನ ಮಗಳಿಗಿ ಶುಗರ್ ಬಂದದವ್ವ. ಭಾಳ ಏರ್ಯಾದ."

"ಶುಗರ್ ಮುದುಕರಿಗಿ ಬರ್ತದಲ್ರಿ ಸಿಸ್ಟರ್? ಉಂಡು ಕುಂತವರಿಗಿ? ಇದು ಇನ್ನಾ ಕೂಸು."

"ಮೊದಲ ಹಂಗೇ ಇತ್ತು. ಈಗ ಕೂಸು ಗೀಸು ನೋಡಲ್ಲ ಅದು. ಭಾಳ ದಪ್ಪ ಆಗ್ಯಾಳ, ಅದಕ್ಕ ಜಲ್ದಿ ಹಿಡದದ. ಕುತ್ತಿಗಿ ಕಪ್ಪಾಗಿದ್ದೂ ಅದರಿಂದೇ. ಖರೆ ಹೇಳು, ಏನ್ ತಿಂತಾಳ ದಿನಾ?"

"ಮುಂಜಾನಿ ಚಹಾ, ಟೋಸ್ಟ್ ರಿ. ಸಾಲಿ ಇದ್ದಾಗ ಅಲ್ಲೇ ಅನ್ನ. ಸಂಜಿಗಿ ಬಿಸ್ಕೀಟು, ಚಿಪ್ಸು... ಮ್ಯಾಲ ಆ ಕರೇ ನೀರಿನ ಬಾಟಲಿ ಇರ್ತಾವಲ್ರಿ, ಅದು... ಕೇಕು..." ಹೇಳುತ್ತ ಹೇಳುತ್ತ ಶಾಲುಬಾಯಿಯ ದನಿ ತಗ್ಗಿತು.

ಹನ್ನಾ ಒರಟು ಮಾತಾಡಲಿಲ್ಲ. ಇನ್ನು ಮುಂದೆ ದಿನಕ್ಕೆರಡು ಸಲ ಇಂಜೆಕ್ಷನ್, ಹೊತ್ತು ಹೊತ್ತಿಗೆ ಊಟ, ರೊಟ್ಟಿ ಪಲ್ಯ ಬೇಳೆ, ಸಿಹಿ ಪೂರ್ತಿ ಬಂದ್, ದಿನಾ ನಡೆದಾಟ ಎಂದು ಬಿಡಿಸಿ ಹೇಳಿದಳು. ಸೂಜಿ ಹಾಕುವುದನ್ನು ಸುಜಾತಾಳಿಗೇ ಕಲಿಸಿದಳು. ಶಾಲುಬಾಯಿ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡಳು. ಮಗಳ ತೋಳಿನ ಮೇಲೆ ಲಟ್ಟಣಿಗೆಯ ಗುರುತು ಇನ್ನೂ ನೀಲಿಯಾಗಿತ್ತು. ಅದರ ಮೇಲೆ ಸೆರಗು ಎಳೆದಳು. ನರ್ಸು ನೋಡಬಾರದೆಂದೋ ತಾನೇ ನೋಡಬಾರದೆಂದೋ ಅವಳಿಗೇ ತಿಳಿಯಲಿಲ್ಲ.

ಮಗಳು ಮನೆಗೆ ಬಂದ ಮೇಲೆ ಶಾಲುಬಾಯಿ ಕೆಲಸಕ್ಕೆ ಹೋದಳು. ಫ್ಲಾರೆನ್ಸ ಬಾಯೋರು ಅವಳಿಗೆಂದು ತೆಗೆದಿಟ್ಟಿದ್ದ ಮಿಠಾಯಿ ಡಬ್ಬಿ ಮುಂದೆ ಸರಿಸಿದರು.

"ಬ್ಯಾಡ್ರಿ ಬಾಯೋರ. ಇನ್ನ ಒಯ್ಯಲ್ಲರಿ."

"ಯಾಕ? ಏನಾತು?"

ಶಾಲುಬಾಯಿ ಹೇಳಿದಳು. ದೂರುವ ದನಿಯೇನೂ ಇರಲಿಲ್ಲ, ಆದ ಸಂಗತಿಯನ್ನು ಆದಂತೆ ಹೇಳಿದಳು. ಬಾಯೋರು ಕುರ್ಚಿಗೆ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಶಾಲು, ನಾ ಒಳ್ಳೇದ ಮಾಡ್ಲತ್ತೀನಿ ಅಂತ ತಿಳಕೊಂಡಿದ್ದೆ."

"ನಾನೂ ಹಂಗೇ ತಿಳಕೊಂಡಿದ್ದೆರಿ."

ಫ್ಲಾರೆನ್ಸ ಬಾಯೋರು ಕೈಕಟ್ಟಿ ಕುಳಿತವರಲ್ಲ. ಆ ಬಿಸಿಲಿಗೆ ಔಷಧಿ ಕೆಡುತ್ತದೆಂದು ತಮ್ಮ ಫ್ರಿಜ್ಜಿನಲ್ಲೇ ಜಾಗ ಮಾಡಿಕೊಟ್ಟರು. ಬೆಳಿಗ್ಗೆ, ಸಂಜೆ ಸುಜಾತಾ ಅವರ ಮನೆಗೆ ಬಂದು ಸೂಜಿ ಹಾಕಿಕೊಂಡು, ಅಲ್ಲೇ ಒಂದು ರೊಟ್ಟಿ ಪಲ್ಯ ತಿಂದು ಹೋಗುವಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜೋಯಲ್, "ನೋವಾಗ್ತದಾ?" ಎಂದು ಒಮ್ಮೆ ಕೇಳಿದ. "ಮೊದಲ ಆಗ್ತಿತ್ತು" ಎಂದಳು ಸುಜಾತಾ. ಅವನಾಗಲೇ ಎತ್ತರವಾಗಿ, ನಡು ತೆಳ್ಳಗಾಗಿ, ಬೇರೆಯದೇ ಹುಡುಗನಂತೆ ಕಾಣುತ್ತಿದ್ದ.

ಬಾಯೋರು ಅವಳನ್ನೂ ಜೋಯಲ್‌ನ ಜೊತೆ ಆಟದ ಬಯಲಿಗೆ ಕಳಿಸಿ ನೋಡಿದರು. ಕಲಿಸುವವನು ಇವರ ಮಾತಿಗೆ ಕಟ್ಟುಬಿದ್ದು ಹೂಂ ಅಂದನಾದರೂ ಅವಳನ್ನು ದೂರದ ಗೆರೆಯ ಮೇಲೆ ಚೆಂಡು ಹೆಕ್ಕಿಕೊಡಲು ನಿಲ್ಲಿಸಿದ. ಹುಡುಗರು ಅವಳಿಗೆ 'ಟ್ಯಾಂಕರ್' ಎಂದು ಹೆಸರಿಟ್ಟರು. "ಟ್ಯಾಂಕರ್ ಬಂತು, ಕೊಡ ಹಿಡೀರೋ!" ಎಂದು ಕೂಗಿ ನಗುತ್ತಿದ್ದರು. ಜೋಯಲ್ ಕೂಗುತ್ತಿರಲಿಲ್ಲ, ಆದರೆ ಬ್ಯಾಡ ಅಂತಲೂ ಅನ್ನಲಿಲ್ಲ. ನಾಲ್ಕಾರು ದಿನ ಹೋಗಿಬಂದ ಸುಜಾತಾ ಆಮೇಲೆ, "ಹೊಡದ್ರೂ ಹೋಗಲ್ಲ ಅವ್ವ" ಎಂದು ಹಟ ಹಿಡಿದಳು.

ಸರಿ, ನಾವಿಬ್ಬರೇ ನಡೆಯೋಣ ಎಂದು ಶಾಲುಬಾಯಿ ನಸುಕಿನಲ್ಲಿ ಮಗಳನ್ನೆಬ್ಬಿಸಿ ಅಷ್ಟೂರಿನ ದಾರಿ ಹಿಡಿದಳು. ಹಳೇ ಸುಲ್ತಾನರ ಗೋರಿಗಳ ಗುಮ್ಮಟಗಳು ಕಾಣುವವರೆಗೆ ಹೋಗಿ ತಿರುಗುವುದು. ಆ ಕೆಲವು ಬೆಳಗುಗಳು ಅವಳಿಗೆ ಚೆನ್ನಾಗಿದ್ದವು. ತಂಪು ಗಾಳಿಯಲ್ಲಿ ಮಗಳು ಸಾಲಿಯ ಮಾತು, ಅಕ್ತರಬೀಯ ಮಾತು ಆಡುತ್ತ ಬರುವಳು. ಆದರೆ ತಿರುಗಿ ಬರುವಷ್ಟರಲ್ಲಿ ಮೊದಲ ಮನೆಯ ಕೆಲಸಕ್ಕೆ ಹೊತ್ತು ಮೀರುತ್ತಿತ್ತು. ಒಂದು ವಾರ ತಡೆದುಕೊಂಡ ಆ ಮನೆಯವರು ಬೇರೆ ಹೆಂಗಸನ್ನು ಇಟ್ಟುಕೊಂಡರು. ಮಗಳೊಬ್ಬಳನ್ನೇ ಆ ದಾರಿಗೆ ಕಳಿಸುವುದು ಆಗದ ಮಾತು. ನಡಿಗೆ ನಿಂತಿತು. ಬಾಯೋರು ಕೊಟ್ಟ ಅರ್ಧ ಚೀಲ ಜೋಳವೂ ತೀರಿ, ಮತ್ತೆ ಒಲೆಯ ಮೇಲೆ ರೇಷನ್ ಅಕ್ಕಿ ಬಂತು.

ಹನ್ನಾ ಇನ್ನೊಂದು ದಾರಿ ಹೇಳಿದಳು. ಭಾಲ್ಕಿಯಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಯೊಂದಿದೆ, ದೊಡ್ಡ ಅಂಗಳ, ಹೊತ್ತಿಗೆ ಸರಿಯಾಗಿ ಊಟ, ಆಟ. ಅಲ್ಲಿ ಸೇರಿಸಿದರೆ ಹುಡುಗಿ ಉಳಿಯುತ್ತಾಳೆ ಎಂದಳು. ಜೂನ್ ಶುರುವಿನಲ್ಲಿ ತಾಯಿ ಮಗಳು ಬಸ್ಸು ಹತ್ತಿದರು. ಅಂಗಳ ನಿಜಕ್ಕೂ ದೊಡ್ಡದಿತ್ತು. ಬೇವಿನ ಮರಗಳ ಕೆಳಗೆ ಹುಡುಗಿಯರು ಖೋಖೋ ಆಡುತ್ತಿದ್ದರು. ಸುಜಾತಾ ಕಣ್ಣು ಕೀಳದೆ ನೋಡಿದಳು. ವಾರ್ಡನ್ ವಯಸ್ಸಾದ ಹೆಂಗಸು, ಮೃದುವಾಗಿಯೇ ಮಾತಾಡಿಸಿದರು. ಅಂಕಪಟ್ಟಿ ನೋಡಿ ತಲೆದೂಗಿದರು. ಆಮೇಲೆ ಶಾಲುಬಾಯಿ ಇಂಜೆಕ್ಷನ್ನಿನ ವಿಷಯ ಹೇಳಿದಳು. ಮುಚ್ಚಿಡಬೇಕೆಂದು ಅವಳಿಗೆ ತೋಚಲಿಲ್ಲ.

"ದಿನಾ ಎರಡು ಸಲಾ? ಇಲ್ಲಿ ನರ್ಸ್ ಇಲ್ಲವ್ವ. ಫ್ರಿಜ್ಜೂ ಇಲ್ಲ."

"ಅಕಿನೇ ಹಾಕ್ಕೋತಾಳ್ರಿ ಮೇಡಮ್ಮರ. ಯಾರಿಗೂ ತ್ರಾಸ ಕೊಡಲ್ಲ."

"ಕಣ್ಣಿಗಿ ಕತ್ತಲಿ ಬಂದು ಬಿದ್ರ ನಾ ಯಾರಿಗಿ ಹೇಳ್ಲಿ? ಇಷ್ಟು ಮಕ್ಕಳ ನಡುವ ಒಂದು ಮಗು ಹೋದ್ರ ನನ್ನ ಕೊರಳಿಗಿ ಬರ್ತದ. ಬೈಕೋಬ್ಯಾಡ ತಂಗಿ, ನನಗೂ ಮಕ್ಕಳವ."

ವಾಪಸ್ಸು ಬರುವಾಗ ಸುಜಾತಾ ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು. ಬೀದರ ಕೋಟೆ ಕಾಣಿಸುವಷ್ಟರಲ್ಲಿ, "ನೀ ಯಾಕ ಹೇಳಿದಿ ಅವ್ವ?" ಎಂದಳು. ಅಷ್ಟೇ.

ಅದೇ ತಿಂಗಳು ಆಲ್ಬರ್ಟ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾಯಿತು. ಜೋಯಲ್‌ಗೆ ಅಲ್ಲಿ ಈಜುಕೊಳವಿರುವ ಸಾಲಿ ಸಿಕ್ಕಿತ್ತು. ಸಾಮಾನು ಲಾರಿಗೆ ಏರಿಸುವ ದಿನ ಫ್ಲಾರೆನ್ಸ ಬಾಯೋರು ಫ್ರಿಜ್ಜಿನಿಂದ ಔಷಧಿಯ ಬಾಟಲಿ ತೆಗೆದು ಶಾಲುಬಾಯಿಯ ಕೈಗಿಟ್ಟು ಅತ್ತರು. ಮಣ್ಣಿನ ಗಡಿಗೆಯಲ್ಲಿ ನೀರು ಹಾಕಿ ಅದರೊಳಗೆ ಇಡು, ತಂಪಿರುತ್ತದೆ ಎಂದರು. ಫೋನ್ ಮಾಡು ಎಂದರು. ಶಾಲುಬಾಯಿ ಒಂದೆರಡು ಸಲ ಮಾಡಿದಳು. ಆಮೇಲೆ ಏನು ಹೇಳಬೇಕೋ ತಿಳಿಯದೆ ಬಿಟ್ಟಳು.

ಉಳಿದ ಒಂದು ಮನೆಯ ಕೆಲಸದಲ್ಲಿ ಇಬ್ಬರ ಹೊಟ್ಟೆ, ಬಾಡಿಗೆ ನಡೆಯಲಿಲ್ಲ. ಮಚ್ಛೇಂದ್ರ ಬಂದು ಮಾತು ಮುಗಿಸಿದ. "ನೀನೂ ಬಾ. ಇಬ್ಬರೂ ದುಡಿಯೋಣು. ಪೋರಿ ಆಯಿ ಹತ್ರ ಇರಲಿ. ಊರಾಗ ಗಾಳಿ ಅದ, ಓಡಾಡ್ತಾಳ, ರೊಟ್ಟಿ ತಿಂತಾಳ. ಇಲ್ಲಿ ಈ ಗೂಡಿನ್ಯಾಗ ಏನದ?"

ಅವನ ಮಾತಿನಲ್ಲಿ ತಪ್ಪು ಹುಡುಕಲು ಶಾಲುಬಾಯಿಗೆ ಆಗಲಿಲ್ಲ. ಚಿಂತಾಕಿಗೆ ಹೋಗಿ ಅತ್ತೆಗೆ ಎಲ್ಲವನ್ನೂ ಎರಡೆರಡು ಸಲ ಹೇಳಿದಳು. ಔಷಧಿ ತೀರುವ ಮೊದಲೇ ಔರಾದಿನ ದವಾಖಾನೆಗೆ ಕರೆದುಕೊಂಡು ಹೋಗಬೇಕು, ಸಿಹಿ ಕೊಡಬಾರದು, ಉಪವಾಸ ಬಿಡಬಾರದು. "ಹೂಂನವ್ವ, ನಾ ಏನ್ ಕೂಸಾ?" ಎಂದಳು ಕೌಸಲ್ಯಾಬಾಯಿ. ಬೀದರಿನ ಸಾಲಿ ಬಿಟ್ಟು ಬಂದ ಸುಜಾತಾ ತನ್ನ ಔಷಧಿಯ ಗಡಿಗೆಯನ್ನು ತಾನೇ ಕೋಣೆಯ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿದಳು. ಶಾಲುಬಾಯಿ ಹೊರಟಾಗ ಅವಳು ಅಳಲಿಲ್ಲ.

ಹೈದರಾಬಾದಿನಲ್ಲಿ ತಗಡಿನ ಶೆಡ್ಡು, ಸಿಮೆಂಟಿನ ಧೂಳು. ಭಾನುವಾರಕ್ಕೊಮ್ಮೆ ಫೋನು. "ಇಂಜೆಕ್ಷನ್ ತಗೊಂಡಿ?" "ತಗೊಂಡೀನಿ." "ಏನ್ ಉಂಡಿ?" "ರೊಟ್ಟಿ." ಅದಕ್ಕಿಂತ ಹೆಚ್ಚು ಮಾತು ಇರುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ, ಎರಡು ವರ್ಷ ಮುಖ ತೋರಿಸದಿದ್ದ ಮಳೆ ಒಮ್ಮೆಲೇ ಸುರಿಯಿತು. ಊರ ಮುಂದಿನ ಹಳ್ಳ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತೆಂದೂ, ಬಸ್ಸು ಬಂದಾಗಿದೆಯೆಂದೂ ಯಾರೋ ಹೇಳಿದರು. ಆಮೇಲೆ ಫೋನೂ ಹತ್ತಲಿಲ್ಲ.

ದಸರೆಗೆ ಶಾಲುಬಾಯಿ ಒಬ್ಬಳೇ ಊರಿಗೆ ಬಂದಳು. ಹಳ್ಳದಲ್ಲಿ ಮೊಣಕಾಲು ನೀರು, ದಾಟಿ ಬಂದಳು. ದಾರಿಯುದ್ದಕ್ಕೂ ಹೊಲಗಳು ನೀರು ಕುಡಿದು ಹಳದಿಯಾಗಿ ಮಲಗಿದ್ದವು. ಊರ ಅಗಸಿಬಾಗಿಲಲ್ಲಿ ಸಿಕ್ಕ ನೆರೆಮನೆಯ ಸುಭದ್ರಾಬಾಯಿ, "ನಿನ್ನ ಮಗಳು ಹ್ಯಾಂಗ ಸಪೂರ ಆಗ್ಯಾಳ ನೋಡು! ಈಗ ಚಂದ ಕಾಣ್ತಾಳ" ಎಂದಳು. ಮನೆಯ ಬಾಗಿಲಲ್ಲಿ ಅತ್ತೆಯೂ ಅದನ್ನೇ ಹೆಮ್ಮೆಯಿಂದ ಹೇಳಿದಳು. "ಬೀದರದಾಗ ಡಾಕ್ಟರಗ ಆಗಿದ್ದಿಲ್ಲ, ನಾ ಮಾಡಿ ತೋರಿಸೀನಿ. ಎಲ್ಲಾ ಇಳದದ ಮೈ."

ಒಳಗೆ ಸುಜಾತಾ ಗೋಡೆಗೆ ಒರಗಿ ಕುಳಿತಿದ್ದಳು. ಕತ್ತಿನ ಎಲುಬು ಎದ್ದಿತ್ತು. ಕಣ್ಣು ಒಳಕ್ಕೆ ಹೋಗಿದ್ದವು. ತಾಯಿಯನ್ನು ಕಂಡು ನಕ್ಕಳು. ಶಾಲುಬಾಯಿ ಹತ್ತಿರ ಹೋಗಿ ಬಗ್ಗಿದಾಗ ದವಾಖಾನೆಯಲ್ಲಿ ಬಂದ ಅದೇ ವಾಸನೆ ಮೂಗಿಗೆ ಬಡಿಯಿತು.

"ಇಂಜೆಕ್ಷನ್ ಎಲ್ಲಿ?"

"ತೀರ್ಯಾದ ಅವ್ವ. ಮೊದಲ ಒಂದ ಸಲ ಔರಾದಗ ಹೋಗಿದ್ದಿವಿ, ಔಷಧಿ ಇಲ್ಲ, ಮುಂದಿನ ವಾರ ಬರ್ರಿ ಅಂದ್ರು. ಅದಕ್ಕ ಅರ್ಧ ಅರ್ಧ ತಗೊಂಡೆ, ಹೆಚ್ಚು ದಿನಾ ಬರಲಿ ಅಂತ. ಆಮ್ಯಾಲ ಮಳಿ ಬಂತು."

"ಫೋನಿನ್ಯಾಗ ತಗೊಂಡೀನಿ ಅಂತಿದ್ದೆಲ್ಲ?"

"ನೀ ಕೆಲಸಾ ಬಿಟ್ಟು ಬರ್ತಿದ್ದಿ, ಅದಕ್ಕ."

ಶಾಲುಬಾಯಿ ಅತ್ತೆಯ ಮೇಲೆ ಕೂಗಾಡಲಿಲ್ಲ. ಆ ಮುದುಕಿಯ ಕಣ್ಣಲ್ಲಿ, ಒಂದು ವರ್ಷದ ಹಿಂದೆ ತನ್ನ ಕಣ್ಣಲ್ಲಿ ಇದ್ದದ್ದೇ ಇತ್ತು. ಮಗಳನ್ನು ಬೆನ್ನಿಗೆ ಹಾಕಿಕೊಂಡು ಹಳ್ಳ ದಾಟಿದಳು. ಬೆನ್ನ ಮೇಲೆ ಭಾರವೇ ಇರಲಿಲ್ಲ. ಔರಾದಿನಲ್ಲಿ ಸಲಾಯಿನ್ ಏರಿಸಿ ಬೀದರಿಗೆ ಕಳಿಸಿದರು. ಬೀದರಿನಲ್ಲಿ ಹನ್ನಾ ಸಿಸ್ಟರ್ ಇರಲಿಲ್ಲ, ಬೇರೆ ಕಡೆ ಹೋಗಿದ್ದಳಂತೆ.

ಜೀವ ಉಳಿಯಿತು. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಎಷ್ಟೆಂದು ಮುಂದೆ ನೋಡಬೇಕು ಎಂದರು. ಹೊಸ ಡಾಕ್ಟರ್ ಎಳೆಯ ಹುಡುಗ. ಹೊತ್ತಿಗೆ ಊಟ, ರೊಟ್ಟಿ ಪಲ್ಯ, ನಡೆದಾಟ, ಒಂದು ದಿನವೂ ತಪ್ಪದೆ ಔಷಧಿ ಎಂದು ಅವನೂ ಬಿಡಿಸಿ ಬಿಡಿಸಿ ಹೇಳಿದ. ಅವನು ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠ ಇತ್ತು. ಆದರೂ ಅವನ ಮನಸ್ಸು ನೋಯಬಾರದೆಂದು ಶಾಲುಬಾಯಿ ಹೂಂ ಹೂಂ ಎನ್ನುತ್ತ ಕೇಳಿದಳು.

ಮಚ್ಛೇಂದ್ರ ಫೋನ್ ಮಾಡಿ, ಗುತ್ತೇದಾರ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡ ಎಂದ. ಬೇಸರದಿಂದಲೋ ಸಮಾಧಾನಕ್ಕೋ, "ಇರಲಿ ಬಿಡು" ಎಂದೂ ಸೇರಿಸಿದ.

ಮರುದಿನ ಬೆಳಿಗ್ಗೆ ಸುಜಾತಾ ದಿಂಬಿಗೆ ಒರಗಿ ಎದ್ದು ಕುಳಿತಳು. ದವಾಖಾನೆಯ ಅಂಗಿಯಲ್ಲಿ ಅವಳ ಕೈಗಳು ಸಡಿಲವಾಗಿ ಆಡುತ್ತಿದ್ದವು. ತನ್ನ ಮಣಿಕಟ್ಟನ್ನು ತಾನೇ ಬೆರಳಿನಿಂದ ಸುತ್ತಿ ಅಳೆದು ನೋಡಿಕೊಂಡಳು.

"ಅವ್ವ, ನಾ ಈಗ ಸಣ್ಣ ಆಗೀನಲ್ಲ. ಈಗರ ಸಾಲಿಗಿ ಹೋಗ್ಲಾ?"

"ಹೋಗುವಂತಿ" ಎಂದಳು ಶಾಲುಬಾಯಿ. ಯಾವ ಊರಿನಲ್ಲಿ, ಯಾವ ಸಾಲಿಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಬಾಚಣಿಗೆ ತೆಗೆದು ಮಗಳ ಗಂಟು ಕಟ್ಟಿದ ಕೂದಲನ್ನು ತುದಿಯಿಂದ ಮೆಲ್ಲಗೆ ಬಿಡಿಸತೊಡಗಿದಳು.